ಸಂಘದ ಹಣವೂ ಖಜಾಂಚಿಯ ಕೈಗಡವೂ
(ವಾಚನಾಲಯವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಂತಿಗೆಯ ಹಣವನ್ನು ನುಂಗಿ ಓಡಿಹೋಗುವವರ ವಿಷಯವಾಗಿ ನಾನು ಹೆಚ್ಚು ಹೇಳಬೇಕಾದುದಿಲ್ಲ. ಅವರು ಕಳ್ಳರೆಂಬುದನ್ನು ಎಲ್ಲರೂ ಬಲ್ಲರು. ನನ್ನ ಮಾತು ಓಡಿಹೋಗದವರನ್ನು ಕುರಿತದ್ದು. ಸಂಘದ ಪೆಟ್ಟಿಗೆಯಿಂದ ಐನೂರು ರೂಪಾಯಿಗಳನ್ನು ತೆಗೆದು, ಸಂಬಳ ಬಂದೊಡನೆ ತಿರುಗಿ ಇಡುವೆನೆಂದುಕೊಳ್ಳುವ ಸಜ್ಜನ ಖಜಾಂಚಿಯು ಅದನ್ನು ಕೈಗಡವೆನ್ನುತ್ತಾನೆ. ಕೊಡುವವನೂ ಕೊಳ್ಳುವವನೂ ತಾನೇ ಆದ ಈ ಸಾಲವು ಎಂತಹ ಸಾಲ?

ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯೆಯನ್ನು ಬರೆದನು. ವಕೀಲರು ಅದನ್ನು ಆಸ್ತಿಯ ಪಾಲಿಗಾಗಿ ನೆನೆಯುತ್ತಾರೆ. ಉಪನಿಧಿ ಪ್ರಕರಣವನ್ನು ನೆನೆಯುವವರು ವಿರಳ. ನಂಬಿ ಇಟ್ಟ ಒಡವೆಯು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನು ಕೊಡಬೇಕಾಗಿಲ್ಲ. ಕೇಳಿದಾಗ ಕೊಡದೆ, ಆಮೇಲೆ ಅದು ಹಾಳಾದರೆ, ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಸ್ವೇಚ್ಛೆಯಿಂದ ಅದನ್ನು ಬಳಸಿ ಬದುಕಿದವನಾದರೋ ವೃದ್ಧಿಸಹಿತವಾಗಿ ಹಿಂದಿರುಗಿಸಬೇಕು, ಮೇಲೆ ದಂಡಕ್ಕೂ ಗುರಿಯಾಗಬೇಕು. ಬಡ್ಡಿಯೊಡನೆ ಕೊಟ್ಟರೂ ದಂಡವು ತಪ್ಪಲಿಲ್ಲವೆಂಬುದನ್ನು ಮಹನೀಯರು ಗಮನಿಸಬೇಕು.

1860ರ ದಂಡಸಂಹಿತೆಯೂ, 2024ರಿಂದ ಅದರ ಸ್ಥಾನದಲ್ಲಿ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತವೆ: ಅಪ್ರಾಮಾಣಿಕವಾಗಿ ಸ್ವಲ್ಪಕಾಲ ಮಾತ್ರ ತನ್ನದಾಗಿಸಿಕೊಂಡರೂ ಅಪಹಾರವು ಅಪಹಾರವೇ. ನಂಬಿಕೆದ್ರೋಹಕ್ಕೆ ಮೊದಲು ಮೂರು ವರ್ಷಗಳಿದ್ದ ಸೆರೆವಾಸದ ಮಿತಿಯು ಈಗ ಐದಕ್ಕೆ ಏರಿದೆ. ಸರಕಾರಿ ನೌಕರನಿಗೂ ಬ್ಯಾಂಕಿನವನಿಗೂ ಅದು ಆಜೀವವಾಗಬಹುದು.

1929ರಲ್ಲಿ ಗಾಂಧೀಜಿಯವರು ತಮ್ಮ ಪತ್ರಿಕೆಯಲ್ಲಿ, ಅಪರಿಚಿತರು ಕೊಟ್ಟ ನಾಲ್ಕು ರೂಪಾಯಿಗಳನ್ನು ಕಸ್ತೂರಬಾ ಅವರು ಆಶ್ರಮದ ಕಚೇರಿಗೆ ಒಪ್ಪಿಸದೆ ಇಟ್ಟುಕೊಂಡುದನ್ನು ಲೋಕಕ್ಕೆಲ್ಲ ತಿಳಿಯುವಂತೆ ಬರೆದರು. ಪತ್ನಿಯ ವಿಷಯದಲ್ಲಿ ಇದು ಕಠೋರವಾಯಿತೆಂದೇ ನನ್ನ ಮತ. ಆದರೂ ಲೆಕ್ಕದ ಪುಸ್ತಕಕ್ಕೆ ಮನೆ-ಹೊರಗೆಂಬ ಭೇದವಿಲ್ಲವೆಂದು ಅವರು ತಿಳಿದಿದ್ದುದು ಸುಳ್ಳಲ್ಲ.

ನಮ್ಮಲ್ಲಿ ಹಾಗಿಲ್ಲ, ದಾಕ್ಷಿಣ್ಯವೇ ನಮ್ಮ ರೋಗ. ಲೆಕ್ಕ ಕೇಳುವುದೆಂದರೆ ಅವಮಾನ ಮಾಡಿದಂತೆಂದು ಸದಸ್ಯರು ಬಗೆಯುತ್ತಾರೆ, ಖಜಾಂಚಿಯೂ ಹಾಗೆಯೇ ಮುಖ ಗಂಟಿಕ್ಕುತ್ತಾನೆ. ವರ್ಷಗಳುರುಳಿ ಹುಡುಗರ ಪುಸ್ತಕಗಳಿಗೆಂದು ಕೂಡಿಸಿದ ಹಣವೇ ಇಲ್ಲವಾದಾಗ, ತಲೆ ತಗ್ಗಿಸುವವನು ಅವನೊಬ್ಬನೇ!

ಆದುದರಿಂದ ಇಂದೇ ಗೊತ್ತುವಳಿಯಾಗಲಿ: ಪ್ರತಿಯೊಂದು ಚೆಕ್ಕಿಗೂ ಇಬ್ಬರ ರುಜು ಬೇಕು. ತಿಂಗಳ ಜಮಾ-ಖರ್ಚು ಮುಂದಿನ ತಿಂಗಳ ಐದರೊಳಗೆ ಈ ವಾಚನಾಲಯದ ಬಾಗಿಲಿಗೆ ಅಂಟಬೇಕು. ಅಧ್ಯಕ್ಷರು ಅಪ್ಪಣೆಯಿತ್ತರೆ ಸೂಚಿಸುವವನು ನಾನೇ, ಅನುಮೋದಿಸುವವರು ಯಾರು?