ಇಬ್ರತ್‌ಗಾಗಿ ಓದೋಣ, ತಮಾಷೆಗಲ್ಲ



ಕಳೆದ ವಾರ ಜಮಾಅತಿನ ಕೆಲವು ಯುವಕರು ಕೇಳಿದರು: “ಉಸ್ತಾದ್, ಹಿಂದಿನ ಕಾಲದ ವಿಚಿತ್ರ ಕೊಲೆಗಳ, ವಿಚಿತ್ರ ಮನುಷ್ಯರ ಚರಿತ್ರೆಯ ಪುಸ್ತಕಗಳನ್ನು ಓದಬಹುದೇ?”

ವಿದ್ಯಾರ್ಥಿಗಳಾಗಿದ್ದಾಗ ನಾವೂ ಓದಿದ್ದೇವೆ. ಪುಸ್ತಕ ಮುಚ್ಚಿದಾಗ ಕೊಲೆಗಾರನ ಜಾಣತನ ನೆನಪಿರುತ್ತಿತ್ತು, ಸತ್ತವನ ಹೆಸರು ಮರೆತಿರುತ್ತಿತ್ತು. ಓದುವುದು ತಪ್ಪಲ್ಲ; ತಪ್ಪಿದ್ದು ನಾವು ಓದಿದ ರೀತಿಯಲ್ಲಿ.

ಪವಿತ್ರ ಕುರ್‌ಆನ್ ಕೂಡ ಅಪರಾಧದ ವೃತ್ತಾಂತ ಹೇಳುತ್ತದೆ. ಅಲ್ ಮಾಇದ ಅಧ್ಯಾಯದಲ್ಲಿ ಆದಮ್(ಅ)ರ ಇಬ್ಬರು ಪುತ್ರರ ಕಥೆಯಿದೆ. ಒಬ್ಬನ ಬಲಿದಾನ ಸ್ವೀಕೃತವಾಯಿತು. ಸ್ವೀಕೃತವಾಗದವನು ಸಹೋದರನನ್ನೇ ಕೊಂದನು. ಯಾವ ಆಯುಧದಿಂದ ಎಂಬ ಮಾತು ಅಲ್ಲಿಲ್ಲ, ಕೊಂದವನ ಹೆಸರೂ ಇಲ್ಲ. ಮಣ್ಣು ಕೆದರಿ ತೋರಿಸಿದ ಕಾಗೆ ಇದೆ, ಕೊಂದವನ ಪಶ್ಚಾತ್ತಾಪ ಇದೆ. ಬಳಿಕ, ಅನ್ಯಾಯವಾಗಿ ಒಬ್ಬನನ್ನು ಕೊಂದರೆ ಇಡೀ ಮಾನವಕುಲವನ್ನೇ ಕೊಂದಂತೆ ಎಂಬ ಪಾಠವಿದೆ. ಇದೇ ಇಬ್ರತ್.

ಇನ್ನು ‘ವಿಚಿತ್ರ ಮನುಷ್ಯರ’ ಮಾತು. ದಕ್ಷಿಣ ಆಫ್ರಿಕಾದ ಸಾರಾ ಬಾರ್ಟ್‌ಮನ್ ಎಂಬ ಮಹಿಳೆಯನ್ನು 1810ರಲ್ಲಿ ಲಂಡನ್ನಿಗೆ ಕರೆದೊಯ್ದರು. ಆಕೆಯ ದೇಹದ ಆಕಾರವನ್ನು ನೋಡಲು ಜನರು ಹಣ ಕೊಟ್ಟರು. 1815ರಲ್ಲಿ ಆಕೆ ಪ್ಯಾರಿಸಿನಲ್ಲಿ ತೀರಿಕೊಂಡರು. ವಿಜ್ಞಾನಿಗಳು ದೇಹವನ್ನು ಕೊಯ್ದು, ಎಲುಬುಗಳನ್ನು ವಸ್ತುಸಂಗ್ರಹಾಲಯದಲ್ಲಿಟ್ಟರು. 1970ರ ದಶಕದವರೆಗೂ ಅವು ಪ್ರದರ್ಶನದಲ್ಲಿದ್ದವು. ಆಕೆಗೆ ತಾಯ್ನಾಡಿನ ಮಣ್ಣು ಸಿಕ್ಕಿದ್ದು 2002ರಲ್ಲಿ. ಆ ಕಾಗೆ ಕಲಿಸಿದ ಪಾಠವನ್ನು ಕಲಿಯಲು ವಿದ್ಯಾವಂತರಿಗೆ 187 ವರ್ಷ ಬೇಕಾಯಿತು! ಈ ಚರಿತ್ರೆಯಲ್ಲಿ ವಿಚಿತ್ರವಾದುದು ಆಕೆಯ ದೇಹವಲ್ಲ, ನೋಡಿದವರ ಹೃದಯ.

ಒಮ್ಮೆ ಅಬ್ದುಲ್ಲಾಹ್ ಇಬ್ನು ಮಸ್‌ಊದ್(ರ) ಮರವೇರಿದ್ದರು. ಅವರ ಸಣಕಲು ಕಾಲುಗಳನ್ನು ಕಂಡು ಜೊತೆಗಿದ್ದವರು ನಕ್ಕರು. ಅಲ್ಲಾಹನ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಪರ್ವತಕ್ಕಿಂತ ಭಾರವೆಂದು ಪ್ರವಾದಿ(ಸ) ತಿಳಿಸಿದರು.

ಸಹೋದರರೇ, ನಮ್ಮ ಬೀದಿಗಳಲ್ಲಿ ಇಂದಿಗೂ ಕುಂಟ, ಕುಳ್ಳ, ತೊದಲ ಎಂದೇ ಕರೆಸಿಕೊಳ್ಳುವವರಿದ್ದಾರೆ. ಅವರು ನಮ್ಮದೇ ಸಫ್ಫಿನಲ್ಲಿ ಹೆಗಲು ತಾಗಿಸಿ ನಿಲ್ಲುತ್ತಾರೆ. ಅಪಹಾಸ್ಯವನ್ನೂ ಅಡ್ಡಹೆಸರನ್ನೂ ಅಲ್ ಹುಜುರಾತ್ ಅಧ್ಯಾಯ ನಿಷೇಧಿಸಿದೆ. ಮೊಬೈಲಿನಲ್ಲಿ ಬರುವ ಕೊಲೆಯ ದೃಶ್ಯವನ್ನು, ಯಾರದೋ ಅಂಗವೈಕಲ್ಯದ ಚಿತ್ರವನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಬೆರಳು ತಡೆಯೋಣ. ಮಕ್ಕಳು ಇಂಥ ಪುಸ್ತಕ ತಂದರೆ ಕಿತ್ತುಕೊಳ್ಳಬೇಡಿ. ಜೊತೆಗೆ ಕುಳಿತು ಓದಿ, “ಇದರಲ್ಲಿ ನೋವುಂಡವರು ಯಾರು? ಅವರ ಹೆಸರೇನು?” ಎಂದು ಕೇಳಿ.

ಕಂಡದ್ದರಿಂದ, ಓದಿದ್ದರಿಂದ ಪಾಠ ಕಲಿಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.