ಕುದಾಪುರಕ್ಕೆ ನಾಳೆ ಎಷ್ಟು ಮಿಲಿಮೀಟರ್?

ಇವತ್ತಿನ ಮಾತು ಮಳೆ ಬಗ್ಗೆ. ಆದ್ರೆ ಆಕಾಶ ನೋಡಿ ಹೇಳೋದಲ್ಲ, ನಾಲ್ಕು ಸಾಲು ಕೋಡ್ ಬರೆದು ಕೇಳೋದು.

ಚಳ್ಳಕೆರೆ ತಾಲ್ಲೂಕಿನ ಕುದಾಪುರ ಅಂದ್ರೆ ಬಹಳ ಜನಕ್ಕೆ ನೆನಪಾಗೋದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್. ಆ ಕಡೆಯೇ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆಯೂ ಇದೆ, 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆಗಿದ್ದು. ಪೈಲಟ್ ಇಲ್ಲದ ವಿಮಾನ ಹಾರಿಸೋರಿಗೆ ಬೇಕಾದ್ದು ಗಾಳಿಯ ಲೆಕ್ಕ. ಬೇಲಿಯ ಈಚೆಗೆ ಶೇಂಗಾ ಹಾಕೋ ರೈತನಿಗೆ ಬೇಕಾದ್ದು ಮಳೆಯ ಲೆಕ್ಕ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ಇದೂ ಒಂದು. ಒಂದು ಹದ ಮಳೆ ನಂಬಿ ಬೀಜ ಹಾಕಿ, ಆಮೇಲೆ ವಾರಗಟ್ಟಲೆ ಮೋಡ ಕೈಕೊಟ್ರೆ ಮೊಳಕೆ ಕೆಂಪು ಮಣ್ಣಲ್ಲೇ ಕಮರಿ ಹೋಗುತ್ತೆ. ಬೀಜದ ದುಡ್ಡು, ಗೊಬ್ಬರದ ದುಡ್ಡು, ಟ್ರ್ಯಾಕ್ಟರ್ ಬಾಡಿಗೆ, ಎಲ್ಲಾ ಅದರ ಜೊತೆಗೇ.

ಹಾಗಾಗಿ ಊರಿಂದ ಅಪ್ಪ ಫೋನ್ ಮಾಡಿ "ನಿನ್ನ ಮೊಬೈಲಲ್ಲಿ ಮಳೆ ಏನ್ ತೋರಿಸ್ತೈತೋ" ಅಂದಾಗ, ಆಪ್‌ನಲ್ಲಿರೋ ಮೋಡದ ಚಿತ್ರ ನೋಡಿ ಉತ್ತರ ಕೊಡೋದು ಸಾಲದು ಅಂತ ನನಗನ್ಸುತ್ತೆ. ಆ ಚಿತ್ರದ ಹಿಂದೆ ಒಂದು ರಾಶಿ ವಿವರ ಇರುತ್ತೆ. ಅದನ್ನ ನಾವೇ ತರಿಸಿಕೊಳ್ಳಬಹುದು.

ಓಪನ್-ಮೀಟಿಯೋ ಅಂತ ಒಂದು ಕ್ಲೌಡ್ ಸೇವೆ ಇದೆ. ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ, ಕೀ ಬೇಡ, ನೋಂದಣಿಯೂ ಬೇಡ. ಪೈಥಾನ್‌ನಲ್ಲಿ ರಿಕ್ವೆಸ್ಟ್ಸ್ ಲೈಬ್ರರಿ ಹಾಕ್ಕೊಂಡು ಅಕ್ಷಾಂಶ, ರೇಖಾಂಶ, ಏನು ಬೇಕು, ಎಷ್ಟು ದಿನದ್ದು ಬೇಕು ಅಂತ ಕಳಿಸಿದ್ರೆ ಜೇಸನ್ ರೂಪದಲ್ಲಿ ಉತ್ತರ ಬರುತ್ತೆ. ಸುಮ್ನೆ ಕೇಳಿದ್ರೆ 7 ದಿನ, ಹೆಚ್ಚಂದ್ರೆ 16 ದಿನ. ಕುದಾಪುರದ ಅಕ್ಷಾಂಶ 14ರ ಚಿಲ್ಲರೆ, ರೇಖಾಂಶ 76ರ ಚಿಲ್ಲರೆ. ಮ್ಯಾಪ್‌ನಲ್ಲಿ ನಿಮ್ಮ ಹೊಲದ ಮೇಲೆ ಬೆರಳು ಒತ್ತಿ ಹಿಡಿದ್ರೆ ಪೂರ್ತಿ ಸಂಖ್ಯೆ ಸಿಗುತ್ತೆ. ಎರಡನ್ನೂ ಅದಲು ಬದಲು ಮಾಡಿದ್ರೂ ಎರರ್ ಬರಲ್ಲ! ಸ್ವಾಲ್‌ಬಾರ್ಡ್ ಪಕ್ಕದ ಸಮುದ್ರದ ಹವಾಮಾನ ಬರುತ್ತೆ. ಮೇ ತಿಂಗಳಲ್ಲಿ ಚಳ್ಳಕೆರೆ ಸೊನ್ನೆ ಡಿಗ್ರಿ ಅಂತ ತೋರಿಸಿದ್ರೆ ಕಾರಣ ಅದೇ.

ಈಗ ಮುಖ್ಯ ವಿಷಯ. ಬಂದ ಉತ್ತರದಲ್ಲಿ ಎಲ್ಲರೂ ನೇರವಾಗಿ ಮಳೆಯ ಸಂಖ್ಯೆಗೆ ಹೋಗ್ತಾರೆ. ಮೊದಲ ಎರಡು ಸಾಲು ಓದಿ. ನೀವು ಕೊಟ್ಟ ಅಕ್ಷಾಂಶ, ರೇಖಾಂಶ ಅಲ್ಲಿ ಸ್ವಲ್ಪ ಬದಲಾಗಿರುತ್ತೆ. ಯಾಕಂದ್ರೆ ಕಂಪ್ಯೂಟರ್ ಮಾದರಿ ಭೂಮಿಯನ್ನ ಚೌಕ ಚೌಕ ಮಾಡಿ ಲೆಕ್ಕ ಹಾಕುತ್ತೆ, ನಿಮಗೆ ಕೊಡೋದು ನಿಮ್ಮ ಚೌಕದ ಲೆಕ್ಕ. ಆ ಚೌಕ ಒಂದು ಮಾದರಿಯಲ್ಲಿ 9 ಕಿ.ಮೀ., ಇನ್ನೊಂದರಲ್ಲಿ 25 ಕಿ.ಮೀ. ನಮ್ಮ ಹವಾಮಾನ ಇಲಾಖೆಗಾಗಿ 2025ರ ಮೇನಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಇದನ್ನ 6 ಕಿ.ಮೀ.ಗೆ ಇಳಿಸಿದೆ. ಆದ್ರೂ ರಸ್ತೆಯ ಈಚೆ ಹೊಲ ತೊಯ್ದು ಆಚೆ ಹೊಲದಲ್ಲಿ ದೂಳು ಏಳೋದನ್ನ ಬಯಲುಸೀಮೆಯಲ್ಲಿ ಯಾರು ನೋಡಿಲ್ಲ ಹೇಳಿ? ಸ್ಕ್ರೀನ್ ಮೇಲಿನ 12 ಮಿ.ಮೀ. ಇಡೀ ಚೌಕದ ಸರಾಸರಿ. ನಿಮ್ಮ ಹೊಲಕ್ಕೆ ಮಾತು ಕೊಟ್ಟಿದ್ದಲ್ಲ.

ಇನ್ನೊಂದು ಗೊಂದಲ ಸಮಯದ್ದು. ಟೈಮ್‌ಜೋನ್‌ಗೆ ಏಷ್ಯಾ ಕೋಲ್ಕತಾ ಅಂತ ಹಾಕದಿದ್ರೆ ಗ್ರೀನ್‌ವಿಚ್ ಲೆಕ್ಕ, ಅಂದ್ರೆ ನಮ್ಮ ಬೆಳಗಿನ 5.30ಕ್ಕೆ ದಿನ ಶುರು. ಹಾಕಿದ್ರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ. ಆದ್ರೆ ನಮ್ಮ ದೇಶದಲ್ಲಿ ಮಳೆ ಅಳೆಯೋ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ರಾತ್ರಿ ಸುರಿದ ಮಳೆ ಒಂದು ಕಡೆ ಮಂಗಳವಾರದ್ದಾದ್ರೆ ಇನ್ನೊಂದು ಕಡೆ ಬುಧವಾರದ್ದು. ಮುನ್ಸೂಚನೆ ಸುಳ್ಳಾಯ್ತು ಅನ್ನೋ ಜಗಳದಲ್ಲಿ ಎಷ್ಟೋ ಸಲ ಇಷ್ಟೇ ಇರುತ್ತೆ. ದಿನದ ಮೊತ್ತ ಬಿಟ್ಟು ಗಂಟೆ ಗಂಟೆಯ ಲೆಕ್ಕ ತರಿಸಿ, 8.30ರ ಆಸುಪಾಸಿನಿಂದ ನೀವೇ ಕೂಡಿಸಿ.

ಬಿತ್ತನೆಗೆ ನಿಜವಾಗಿ ಉಪಯೋಗ ಆಗೋದು ಎನ್ಸೆಂಬಲ್ ಅನ್ನೋ ವಿವರ. ಯುರೋಪಿನ ಇಸಿಎಮ್‌ಡಬ್ಲ್ಯುಎಫ್ ಕೇಂದ್ರ ಒಂದೇ ಹವಾಮಾನವನ್ನ ಆರಂಭದಲ್ಲಿ ಚೂರು ಚೂರು ಬದಲಿಸಿ 51 ಸಲ ಲೆಕ್ಕ ಹಾಕುತ್ತೆ. ಆ 51 ಉತ್ತರವನ್ನೂ ಕೋಡ್‌ನಲ್ಲಿ ತರಿಸಬಹುದು. ಮುಂದಿನ ಹತ್ತು ದಿನದಲ್ಲಿ 20 ಮಿ.ಮೀ. ದಾಟಿದ್ದು ಎಷ್ಟು ಅಂತ ಎಣಿಸಿ. 45 ಬಂದ್ರೆ ಒಂದು ಮಾತು, 14 ಬಂದ್ರೆ ಇನ್ನೊಂದು. "ಮಳೆ ಬರುತ್ತೆ ಅಪ್ಪಾ" ಅನ್ನೋ ಬದಲು "51ರಲ್ಲಿ 14 ಮಾತ್ರ ಬರುತ್ತೆ ಅಂತಿವೆ" ಅಂತ ಹೇಳಿ. ಬೀಜ ಬಿಚ್ಚೋದೋ, ಇನ್ನೊಂದು ಮಳೆಗೆ ಕಾಯೋದೋ, ಅದನ್ನ ಅವರು ನಿಮಗಿಂತ ಚೆನ್ನಾಗಿ ತೀರ್ಮಾನ ಮಾಡ್ತಾರೆ.

ಒಂದೇ ಒಂದು ಎಚ್ಚರಿಕೆ. ಸರ್ವರ್ ಉತ್ತರ ಕೊಡದಿದ್ದಾಗ, ಅಥವಾ ಆ ಜಾಗದಲ್ಲಿ 'ನಲ್' ಅಂತ ಬಂದಾಗ, ನಿಮ್ಮ ಕೋಡ್ ಅದನ್ನ ಸೊನ್ನೆ ಮಾಡಿಬಿಡಬಾರದು. ಮಾಹಿತಿ ಇಲ್ಲ ಅನ್ನೋದೇ ಬೇರೆ, ಮಳೆ ಇಲ್ಲ ಅನ್ನೋದೇ ಬೇರೆ. ಈ ಮುಂಗಾರಲ್ಲಿ ದಿನಾ ಬಂದ ಮುನ್ಸೂಚನೆಯನ್ನ ಒಂದು ಫೈಲ್‌ಗೆ ಹಾಕ್ತಾ ಹೋಗಿ. ಪಕ್ಕದಲ್ಲೇ ನಿಮ್ಮ ಪಂಚಾಯಿತಿ ಮಳೆಮಾಪಕದ ಅಂಕಿ ಬರೀರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದನ್ನ ಕೊಡುತ್ತೆ. ಯಾವ ಮಾದರಿ ನಿಮ್ಮೂರಿಗೆ ಹತ್ತಿರ ಬರುತ್ತೆ ಅಂತ ದೀಪಾವಳಿ ಹೊತ್ತಿಗೆ ಆ ಫೈಲೇ ತೋರಿಸುತ್ತೆ.