ಸೋರದ ಸೋರಿಕೆ

'ಸೋರಿಕೆ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿಗೆ ಬರುವುದು ಮಳೆಗಾಲದ ಹೆಂಚಿನ ಮಾಡು, ತೂತುಬಿದ್ದ ಕೊಡ, ವಾಷರು ಸವೆದ ನಲ್ಲಿ. ಇರಬೇಕಾದ ಕಡೆಯಿಂದ ಇರಬಾರದ ಕಡೆಗೆ ಹರಿದುಹೋಗುವುದೇ ಸೋರಿಕೆಯ ಲಕ್ಷಣ. ಆದರೆ ಗಣಕಶಾಸ್ತ್ರಜ್ಞರು 'ಮೆಮೊರಿ ಲೀಕ್', ಎಂದರೆ ನೆನಪಿನ ಸೋರಿಕೆ ಎಂದು ಹೆಸರಿಟ್ಟಿರುವ ಒಂದು ದೋಷವಿದೆ. ಅದರಲ್ಲಿ ಯಾವುದೂ ಹೊರಕ್ಕೆ ಹರಿಯುವುದಿಲ್ಲ. ಎಲ್ಲವೂ ಪೆಟ್ಟಿಗೆಯ ಒಳಗೇ ಇರುತ್ತದೆ. ಇದ್ದೂ ಯಾರ ಉಪಯೋಗಕ್ಕೂ ಬಾರದಂತಿರುತ್ತದೆ. ಇಂಥ ರೋಗವೊಂದು ನನ್ನ ಮನೆಯ ಗಣಕಕ್ಕೆ ಅಂಟಿಕೊಂಡು ಕೆಲವು ತಿಂಗಳು ಕಾಡಿತು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ತಾವು ಕೇಳಬಹುದು. ವೈದ್ಯನ ಅಧಿಕಾರ ನನಗಿಲ್ಲ; ರೋಗಿಯ ಮಗ್ಗುಲಲ್ಲಿ ಕುಳಿತು ಜ್ವರದ ಏರಿಳಿತ ಬರೆದಿಟ್ಟವನ ಅಧಿಕಾರವಷ್ಟೆ ಇದೆ.

ಗಣಕದಲ್ಲಿ ನೆನಪು ಎರಡು ಬಗೆಯದು. ವಿದ್ಯುತ್ತು ಹೋದರೂ ಬರೆದಿಟ್ಟದ್ದನ್ನು ಕಾಪಾಡುವ ಡಿಸ್ಕು ಒಂದು. ಕೆಲಸ ನಡೆಯುವಷ್ಟು ಹೊತ್ತು ಮಾತ್ರ ಬೇಕಾಗುವ, 'ರ‍್ಯಾಮ್' ಎಂದು ಕರೆಯುವ ತಾತ್ಕಾಲಿಕ ನೆನಪು ಇನ್ನೊಂದು. ಸೋರಿಕೆ ಈ ಎರಡನೆಯದಕ್ಕೆ ಸಂಬಂಧಿಸಿದ್ದು. ಮದುವೆಯ ಛತ್ರವೊಂದರ ಉಗ್ರಾಣವನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಉಗ್ರಾಣದಲ್ಲಿ ಕೊಳಗ, ಕೊಪ್ಪರಿಗೆ, ಪರಾತಗಳು ಇಂತಿಷ್ಟೇ ಇವೆ. ಬಿಡಾರ ಹೂಡಿದವರು ಬೇಕಾದಾಗ ಕೇಳಿ ಪಡೆಯಬೇಕು. ಕೆಲಸ ತೀರಿದೊಡನೆ ಹಿಂದಿರುಗಿಸಬೇಕು. ನಾವು ಬಳಸುವ ಒಂದೊಂದು ತಂತ್ರಾಂಶವೂ ಒಂದೊಂದು ಬಿಡಾರ. ಇವೆಲ್ಲವನ್ನೂ ನೋಡಿಕೊಳ್ಳುವ ಕಾರ್ಯಾಚರಣ ವ್ಯವಸ್ಥೆಯೇ ಉಗ್ರಾಣಿ. ಈಗ ಒಂದು ಬಿಡಾರದವರು ಗಳಿಗೆಗೊಂದು ಪಾತ್ರೆ ತೆಗೆದುಕೊಂಡು, ಅದರಲ್ಲಿ ಅಡುಗೆಯನ್ನೂ ಮಾಡದೆ, ಹಿಂದಕ್ಕೂ ಕೊಡದೆ ಮೂಲೆಯಲ್ಲಿ ಪೇರಿಸುತ್ತ ಹೋದರೆಂದು ಭಾವಿಸೋಣ. ಕಳವಾದದ್ದು ಒಂದೂ ಇಲ್ಲ. ಆದರೂ ಸಂಜೆಯ ಹೊತ್ತಿಗೆ ಉಗ್ರಾಣಿಯ ಕೈ ಬರಿದಾಗುತ್ತದೆ. ಉಳಿದ ಬಿಡಾರಗಳ ಒಲೆ ಆರುತ್ತದೆ.

ಈ ದೋಷ ಹೊಸದಲ್ಲ. 'ಸಿ' ಎಂಬ ಗಣಕಭಾಷೆಯಲ್ಲಿ ಬರೆಯುವವನು ಪಡೆದ ನೆನಪನ್ನು ತಾನೇ ಜ್ಞಾಪಕವಿಟ್ಟು ಹಿಂದಿರುಗಿಸಬೇಕು. ಒಂದು ಕಡೆ ಮರೆತರೆ ಆ ಮರೆವು ದಿನಕ್ಕೆ ಸಾವಿರ ಸಲ ಪುನರಾವರ್ತನೆಯಾಗುತ್ತದೆ. ಮನುಷ್ಯನ ಈ ಸ್ವಭಾವವನ್ನು ಅರಿತೇ ಅಮೆರಿಕದ ಜಾನ್ ಮೆಕಾರ್ಥಿಯವರು 1959ರ ಸುಮಾರಿಗೆ ತಮ್ಮ 'ಲಿಸ್ಪ್' ಭಾಷೆಗಾಗಿ, ಉಪಯೋಗ ತೀರಿದ ನೆನಪನ್ನು ಯಂತ್ರವೇ ಗುಡಿಸಿ ಸಂಗ್ರಹಿಸುವ ಉಪಾಯವನ್ನು ರೂಪಿಸಿದರು. ಆದರೂ ದೋಷ ನಿರ್ಮೂಲವಾಗಲಿಲ್ಲ. ಲಂಡನ್ ನಗರದ ಆಂಬುಲೆನ್ಸುಗಳನ್ನು ಕಳುಹಿಸಲೆಂದು 1992ರ ಅಕ್ಟೋಬರ್ 26ರಂದು ಆರಂಭವಾದ ಗಣಕ ವ್ಯವಸ್ಥೆ ನವೆಂಬರ್ 4ರ ನಸುಕಿನಲ್ಲಿ ಸ್ತಬ್ಧವಾಯಿತು. ಅಷ್ಟರಲ್ಲಿ ಅದಕ್ಕೆ ಬೇರೆ ತೊಡಕುಗಳೂ ಬಂದಿದ್ದವು. ಆದರೆ ಆ ನಸುಕಿನ ಸ್ತಂಭನಕ್ಕೆ ವಿಚಾರಣೆಯಲ್ಲಿ ಕಂಡುಬಂದ ಕಾರಣ ಇದೇ. ವಾಹನವೊಂದನ್ನು ಕಳುಹಿಸಿದಾಗಲೆಲ್ಲ ಸ್ವಲ್ಪ ನೆನಪನ್ನು ಪಡೆದು ಹಿಂದಿರುಗಿಸದ ಒಂದು ತುಣುಕು ಮೂರು ವಾರಗಳ ಹಿಂದೆ ಅದರೊಳಗೆ ಉಳಿದುಬಿಟ್ಟಿತ್ತು. ಹನಿಗೂಡಿದರೆ ಹಳ್ಳವೆಂಬ ಗಾದೆಗೆ ಇಂಥ ಅಮಂಗಳವಾದ ಅರ್ಥವೂ ಉಂಟು.

ನನ್ನ ಮನೆಯ ಸಂಗತಿ ಅಷ್ಟು ಘೋರವಲ್ಲ. ಆದರೆ ನನ್ನ ಪಾಲಿಗೆ ಸಣ್ಣದೂ ಅಲ್ಲ. ನಿವೃತ್ತಿಯ ಅನಂತರ ನಾನು ಕೈಗೆತ್ತಿಕೊಂಡಿರುವ ಕೆಲಸ 'ವಡ್ಡಾರಾಧನೆ'ಯ ಪದಸೂಚಿ. ಚೀಟಿಗಳಲ್ಲಿ ಬರೆದಿಟ್ಟಿದ್ದ ಪದಗಳನ್ನು ಗಣಕಕ್ಕೆ ಏರಿಸುತ್ತಿದ್ದೆ. ಬೆಳಿಗ್ಗೆ ಚುರುಕಾಗಿರುತ್ತಿದ್ದ ಯಂತ್ರ ಸಂಜೆಯ ಹೊತ್ತಿಗೆ ಮೊದ್ದಾಗುತ್ತಿತ್ತು. ಕೀಲಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಅಕ್ಷರ ಮೂಡುತ್ತಿತ್ತು. ಎರಡು ಸಲ ಯಂತ್ರ ಪೂರ್ತಿ ನಿಂತು, ಉಳಿಸಿಡುವ ಮೊದಲೇ ಕೆಲಸ ಹಾಳಾಯಿತು. ಮನೆಯವರು, "ನೀವೇ ಏನೋ ಒತ್ತಿರಬೇಕು" ಎಂದರು. ಅಂಗಡಿಯವನು, "ಮಿಷನ್ ಹಳೇದಾಯ್ತು ಸಾರ್, ಹೊಸದು ತಗೊಳ್ಳಿ" ಎಂದ. ಅರುವತ್ತು ದಾಟಿದವನಿಗೆ ಈ ಎರಡು ಮಾತುಗಳೂ ಯಂತ್ರವನ್ನು ಕುರಿತು ಮಾತ್ರ ಹೇಳಿದಂತೆ ಕೇಳಿಸುವುದಿಲ್ಲ. ವಯಸ್ಸೆಂಬುದು ಎಲ್ಲ ರೋಗಕ್ಕೂ ಹೇಳಬಹುದಾದ ಕಾರಣ; ಆದ್ದರಿಂದಲೇ ಅದು ಯಾವ ರೋಗಕ್ಕೂ ಸಾಲದ ಕಾರಣ.

ನಾವು ವಿದ್ಯಾರ್ಥಿಗಳಾಗಿದ್ದಾಗ ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿ ಬೆಳೆದವರು. ಪಾಠ ಕೆಟ್ಟಿದೆಯೆಂದು ತೋರಿದ ಮಾತ್ರಕ್ಕೆ ಊಹೆಗೆ ಇಳಿಯದೆ, ಮೊದಲು ಇರುವ ಪ್ರತಿಗಳನ್ನೆಲ್ಲ ಸೇರಿಸಿ, ಪಾಠಾಂತರಗಳನ್ನು ಬರೆದುಕೊಂಡು, ದೋಷ ಎಲ್ಲಿ ಹುಟ್ಟಿತೆಂದು ಹುಡುಕುವುದು ಆ ಶಾಸ್ತ್ರದ ಶಿಸ್ತು. ಅದನ್ನೇ ಇಲ್ಲಿಯೂ ಅನುಸರಿಸಿದೆ. ವಿಂಡೋಸ್ ವ್ಯವಸ್ಥೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ಎಂಬ ಪುಟ ತೆರೆಯುತ್ತದೆ; ಯಾವ ತಂತ್ರಾಂಶ ಎಷ್ಟು ನೆನಪನ್ನು ಪಡೆದಿದೆಯೆಂಬ ಲೆಕ್ಕ ಅಲ್ಲಿರುತ್ತದೆ. ಒಂದು ನೋಟುಪುಸ್ತಕವಿಟ್ಟು ಎರಡು ಗಂಟೆಗೊಮ್ಮೆ ಅಂಕಿಗಳನ್ನು ಬರೆಯತೊಡಗಿದೆ.

ನಾಲ್ಕು ದಿನಗಳಲ್ಲಿ ಎರಡು ವಿಚಿತ್ರಗಳು ಕಂಡುಬಂದವು. ಮೊದಲನೆಯದು, ಲೆಕ್ಕ ಹೊಂದುತ್ತಿರಲಿಲ್ಲ. ಇದ್ದದ್ದು 8 ಗಿಗಾಬೈಟು. ಸಂಜೆಗೆ 7ಕ್ಕೂ ಹೆಚ್ಚು ಖರ್ಚಾಗಿರುತ್ತಿತ್ತು. ಆದರೆ ಪಟ್ಟಿಯಲ್ಲಿದ್ದ ತಂತ್ರಾಂಶಗಳನ್ನೆಲ್ಲ ಕೂಡಿದರೆ 3 ಗಿಗಾಬೈಟೂ ಆಗುತ್ತಿರಲಿಲ್ಲ. ಎಲ್ಲವನ್ನೂ ಮುಚ್ಚಿದರೂ ಬಹುಪಾಲು ಹಿಂದಕ್ಕೆ ಬರುತ್ತಿರಲಿಲ್ಲ. ಎರಡನೆಯದು ಇನ್ನೂ ಬೆರಗಿನದು. ಕೆಲವು ರಾತ್ರಿ 'ಷಟ್ ಡೌನ್' ಮಾಡಿ ಮಲಗಿ, ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆಯ ಭಾರದ ಬಹುಭಾಗ ಹಾಗೆಯೇ ಇರುತ್ತಿತ್ತು. 'ರೀಸ್ಟಾರ್ಟ್' ಮಾಡಿದ ದಿನ ಮಾತ್ರ ಯಂತ್ರ ಹಗುರಾಗುತ್ತಿತ್ತು. ಆರಿಸಿ ಹೊತ್ತಿಸುವುದು ಎರಡರಲ್ಲೂ ಒಂದೇ ಅಲ್ಲವೇ?

ಒಂದೇ ಅಲ್ಲ ಎಂಬುದನ್ನು ತಿಳಿಸಿದವಳು ನೆರೆಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಬೇಗ ಎಚ್ಚರಗೊಳ್ಳಲೆಂದು 2012ರ ವಿಂಡೋಸ್ 8ರಿಂದ ಈಚೆಗೆ ಒಂದು ಏರ್ಪಾಡು ಬಂದಿದೆಯಂತೆ. ಅದು ಜಾರಿಯಲ್ಲಿದ್ದರೆ 'ಷಟ್ ಡೌನ್' ಎಂದಾಗ ನಮ್ಮ ತಂತ್ರಾಂಶಗಳು ಮುಚ್ಚುತ್ತವೆ. ಆದರೆ ವ್ಯವಸ್ಥೆಯ ಒಳತಿರುಳು ಇದ್ದದ್ದು ಇದ್ದಂತೆಯೇ ಡಿಸ್ಕಿಗೆ ಇಳಿದು, ಮರುದಿನ ಅದೇ ಸ್ಥಿತಿಯಲ್ಲಿ ಎಚ್ಚರಗೊಳ್ಳುತ್ತದೆ. ತಿರುಳು ಮೊದಲಿನಿಂದ ಹುಟ್ಟುವುದು 'ರೀಸ್ಟಾರ್ಟ್' ಮಾಡಿದಾಗಲೇ. ಛತ್ರದ ಉಪಮೆಯಲ್ಲಿ ಹೇಳುವುದಾದರೆ, ಬಿಡಾರದವರು ತೆರಳಿದರೆ ಉಗ್ರಾಣಿ ಅವರ ಕೋಣೆಯ ಪಾತ್ರೆಗಳನ್ನೆಲ್ಲ ಎತ್ತಿಕೊಳ್ಳುತ್ತಾನೆ. ಪಾತ್ರೆಗಳನ್ನು ಕೂಡಿಟ್ಟವನು ಛತ್ರದ ಒಳಾಳೇ ಆಗಿದ್ದರೆ? ಅವನು ತೆರಳುವುದೇ ಇಲ್ಲ. ರಾತ್ರಿ ಪಾತ್ರೆಗಳ ಮಗ್ಗುಲಲ್ಲೇ ಮಲಗಿ, ಬೆಳಿಗ್ಗೆ ಅಲ್ಲೇ ಏಳುತ್ತಾನೆ. ಆದ್ದರಿಂದ ಎರಡು ವಿಚಿತ್ರಗಳೂ ಒಂದೇ ಕಡೆಗೆ ಬೆರಳು ತೋರಿಸುತ್ತಿದ್ದವು. ದೋಷ ನನ್ನ ಬರವಣಿಗೆಯ ತಂತ್ರಾಂಶದಲ್ಲಿರಲಿಲ್ಲ. ಯಂತ್ರದ ಬಿಡಿ ಉಪಕರಣಗಳನ್ನು ನಡೆಸುವ 'ಡ್ರೈವರ್' ಎಂಬ ಒಳ ಆಳುಗಳಲ್ಲಿ ಒಂದರಲ್ಲಿತ್ತು. ಈ ಆಳುಗಳು ಬಳಸುವ, ಡಿಸ್ಕಿಗೆ ಸರಿಸಲು ಬಾರದ ಒಂದು ನೆನಪಿನ ಭಾಗವುಂಟು. ಅದಕ್ಕೆ 'ನಾನ್‌ಪೇಜ್ಡ್ ಪೂಲ್' ಎಂದು ಹೆಸರು. ಅದರ ಅಂಕಿಯೂ ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಕಾಣುತ್ತದೆ. ನನ್ನ ಯಂತ್ರದಲ್ಲಿ ಅದು ರೀಸ್ಟಾರ್ಟ್ ಆದೊಡನೆ 280 ಮೆಗಾಬೈಟು. ಮರುದಿನ ಸಂಜೆಗೆ 3 ಗಿಗಾಬೈಟಿಗೂ ಮೇಲೆ.

ಇನ್ನು ಆಳಿನ ಹೆಸರು ತಿಳಿಯಬೇಕಿತ್ತು. ಒಂದು ದಿನ ಅಂತರಜಾಲದ ಸಂಪರ್ಕವನ್ನು ಕಡಿದು ಪದಸೂಚಿಯ ಕೆಲಸ ಮಾತ್ರ ಮಾಡಿದೆ: ಅಂಕಿ ಕದಲಲಿಲ್ಲ. ಮರುದಿನ ಅದೇ ಕೆಲಸವನ್ನು ಸಂಪರ್ಕವಿಟ್ಟುಕೊಂಡು ಮಾಡಿದೆ: ಅಂಕಿ ಏರಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ಉತ್ತರ ಬಂದರೂ ಅದು ಯಾವ ಪ್ರಶ್ನೆಯ ಉತ್ತರವೆಂದು ತಿಳಿಯದು. ಆಮೇಲೆ ಆ ಹುಡುಗಿ ವಿಂಡೋಸ್ ತಯಾರಕರೇ ಒದಗಿಸುವ 'ಪೂಲ್‌ಮಾನ್' ಎಂಬ ಉಪಕರಣವನ್ನು ತಂದಳು. ಡ್ರೈವರುಗಳು ಪಡೆಯುವ ನೆನಪಿಗೆ ನಾಲ್ಕು ಅಕ್ಷರಗಳೊಳಗಿನ ಒಂದು ಗುರುತಿರುತ್ತದೆ; ಗುರುತು ಗುರುತಿನ ಮುಂದೆ ಪಡೆದದ್ದೆಷ್ಟು, ಹಿಂದಿರುಗಿಸಿದ್ದೆಷ್ಟು, ಉಳಿದ ವ್ಯತ್ಯಾಸವೆಷ್ಟು ಎಂದು ಇದು ಖಾತೆಯ ಹಾಗೆ ತೋರಿಸುತ್ತದೆ. ಒಂದು ಗುರುತಿನ ವ್ಯತ್ಯಾಸ ಮಾತ್ರ ನೋಡನೋಡುತ್ತಿದ್ದಂತೆ ಏರುತ್ತಿತ್ತು. "ಸರ್, ಇವನು ತಗೊಳ್ಳೋದೇ ಹೊರತು ಕೊಡೋದೇ ಇಲ್ಲ" ಎಂದು ನಕ್ಕಳು. ಆ ನಾಲ್ಕಕ್ಷರಗಳನ್ನು ಡ್ರೈವರುಗಳ ಕಡತಗಳಲ್ಲಿ ಹುಡುಕಿದಾಗ ಸಿಕ್ಕದ್ದು ಜಾಲಸಂಪರ್ಕದ ಉಪಕರಣದ ಜೊತೆಯಲ್ಲಿ ಬಂದಿದ್ದ ಡ್ರೈವರು. ಅದರ ಹೊಸ ಆವೃತ್ತಿಯನ್ನು ಹಾಕಿದೆವು. ಅನಂತರ ಹತ್ತು ದಿನ ಅಂಕಿಗಳನ್ನು ಬರೆದೆ; 300ರ ಆಸುಪಾಸಿನಲ್ಲೇ ನಿಂತಿತು. ಅಂಗಡಿಯವನು ಮುದಿಯೆಂದ ಅದೇ ಯಂತ್ರದಲ್ಲಿ ಪದಸೂಚಿ ಈಗ ಪಕಾರವನ್ನು ದಾಟಿದೆ.

ಇಂಥ ತೊಂದರೆ ತಮಗೂ ಬಂದೀತು. ಆಗ ಯಂತ್ರವನ್ನು ರೀಸ್ಟಾರ್ಟ್ ಮಾಡುವುದರಲ್ಲಿ ತಪ್ಪಿಲ್ಲ. ಅದು ಜ್ವರಕ್ಕೆ ಹಾಕುವ ಒದ್ದೆಬಟ್ಟೆಯಂತೆ, ತಾಪವನ್ನಿಳಿಸೀತೇ ಹೊರತು ರೋಗದ ಹೆಸರು ಹೇಳದು. ಹೊಸ ಯಂತ್ರವನ್ನು ಕೊಳ್ಳುವ ಮೊದಲು, ಇನ್ನಷ್ಟು ರ‍್ಯಾಮ್ ಹಾಕಿಸುವ ಮೊದಲು, ನಾಲ್ಕು ದಿನದ ಅಂಕಿಗಳನ್ನು ಬರೆದಿಡಿ. ಕೂಡಿಡುವವನು ಮನೆಯಲ್ಲಿರುವವರೆಗೆ ಉಗ್ರಾಣ ಎಷ್ಟು ದೊಡ್ಡದಾದರೂ ತುಂಬಲು ಕೆಲವು ದಿನ ಹೆಚ್ಚು ಹಿಡಿದೀತು, ಅಷ್ಟೆ. ದುರಸ್ತಿಗೆ ಒಯ್ಯುವಾಗ ಆ ಹಾಳೆಯನ್ನೂ ಒಯ್ಯಿರಿ. ನನ್ನ ಅನುಭವದಲ್ಲಿ, "ನಿಧಾನವಾಗಿದೆ" ಎಂದು ದೂರುವ ಮುದುಕನಿಗೆ ಸಿಗದ ಗಮನ, "ಹತ್ತು ಗಂಟೆಗೆ ಇಷ್ಟಿತ್ತು, ನಾಲ್ಕಕ್ಕೆ ಇಷ್ಟಾಯಿತು" ಎಂದು ಹಾಳೆ ಚಾಚುವ ಮುದುಕನಿಗೆ ಸಿಗುತ್ತದೆ. ವಯಸ್ಸನ್ನು ನೋಡಿ ತೀರ್ಪು ಹೇಳುವವರ ಮುಂದೆ ವಾದ ಹೂಡುವುದಕ್ಕಿಂತ ಲೆಕ್ಕವನ್ನು ಇಡುವುದು ಮೇಲು.